ಹೊಸ ಹುಡುಗರ ಲೆಕ್ಕಕ್ಕೆ ನಿಮಿಷವನ್ನೂ ಸೇರಿಸಿ

ಮಾನ್ಯ ಸಂಪಾದಕರೇ,

ಬೆಂಗಳೂರು ಎಫ್‌ಸಿ ಪಂದ್ಯದ ಸುದ್ದಿ ಬಂದ ದಿನ ನಾನು ನಿಮ್ಮ ಕ್ರೀಡಾ ಪುಟವನ್ನು ಕೆಳಗಿನಿಂದ ಓದಲು ಶುರು ಮಾಡುತ್ತೇನೆ. ಹೊಸ ಹುಡುಗರ ಹೆಸರು ಇದ್ದರೆ ಕೊನೆಯ ಪ್ಯಾರಾದಲ್ಲೇ ಇರುತ್ತದೆ. ಗೋಲು ಹೊಡೆದ ದಿನ ಮಾತ್ರ ಆ ಹೆಸರು ತಲೆಬರಹಕ್ಕೆ ಏರುತ್ತದೆ. ಮುಂದಿನ ವಾರ ಮತ್ತೆ ಕೆಳಗೆ. ಅದರ ಮುಂದಿನ ವಾರ ನಾಪತ್ತೆ. ಓದುವವರೂ ಅದೇ ಲೆಕ್ಕ ಹಿಡಿದುಕೊಳ್ಳುತ್ತಾರೆ. ನಮ್ಮ ಹಲಸೂರಿನ ಟೀ ಅಂಗಡಿಗಳಲ್ಲಿ ಫುಟ್‌ಬಾಲ್ ಮಾತಾಡುವವರು ಇವತ್ತಿಗೂ ಇದ್ದಾರೆ. ಅವರ ಬಾಯಲ್ಲೂ ಈಗ ಇದೇ ಮಾತು: 'ಆ ಹುಡುಗ ಬಂದ, ಒಂದು ಹೊಡೆದ, ಆಮೇಲೆ ಏನೂ ಇಲ್ಲ.'

ಆ ಹುಡುಗ ಅಂದರೆ ವಿನೀತ್ ವೆಂಕಟೇಶ್. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಎದುರು ನಮ್ಮ ತಂಡದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೀಸನ್ ಶುರುವಾಯಿತು. ಪಂದ್ಯ 1–0. ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನವನೇ ಆದ 19 ವರ್ಷದ ಈ ಹುಡುಗ. ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವನು. ಅವತ್ತು ರಾತ್ರಿ ಎಲ್ಲರ ಫೋನಿನಲ್ಲೂ ಅವನದೇ ಫೋಟೊ. ನಮ್ಮೂರಿನ ಹುಡುಗ, ಸುನಿಲ್ ಚೆಟ್ರಿ ಆದ ಮೇಲೆ ಇವನೇ, ಇನ್ನೇನು ಭಾರತ ತಂಡಕ್ಕೆ ಬಂದೇಬಿಟ್ಟ ಅನ್ನುವವರೆಗೆ ಮಾತು ಹೋಯಿತು. ಒಂದೇ ಗೋಲಿಗೆ ಅಷ್ಟು ಎತ್ತರ ಏರಿಸಿದ್ದೂ ಇದೇ ಜನ. ಅಲ್ಲಿಂದ ಇಳಿಸಿದ್ದೂ ಇದೇ ಜನ.

ನಾನು ಬಹಳ ವರ್ಷ ಬೆಂಗಳೂರು ಲೀಗ್ ಪಂದ್ಯಗಳಲ್ಲಿ ಬಾವುಟ ಹಿಡಿದು ಗೆರೆ ಪಕ್ಕ ಓಡಿದವನು. ಲೈನ್ಸ್‌ಮನ್. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ, ಮಧ್ಯಾಹ್ನದ ಬಿಸಿಲು, ಗ್ಯಾಲರಿಯಲ್ಲಿ ನೂರು ಜನ ಸೇರಿದರೆ ಹಬ್ಬ. ಆ ಕೆಲಸದಲ್ಲಿ ದುಡ್ಡು ಕಮ್ಮಿ, ಬೈಗುಳ ಜಾಸ್ತಿ. ಆದರೆ ಒಂದು ಲಾಭ ಇದೆ. ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ದಾಳಿ ಮಾಡುವ ಆಟಗಾರ, ನಿಮ್ಮ ಕೈಗೆಟುಕುವಷ್ಟು ಹತ್ತಿರ ಓಡುತ್ತಾನೆ. ಅವನ ಉಸಿರು ಕೇಳುತ್ತದೆ. ಕೋಚ್ ಅವನಿಗೆ ಕೂಗಿ ಹೇಳುವುದು ಕೇಳುತ್ತದೆ. ಅವನನ್ನು ತಡೆಯಲು ನಿಂತ ಎದುರಾಳಿ ಬ್ಯಾಕ್ ಅವನ ಕಿವಿಯಲ್ಲಿ ಹೇಳುವುದೂ ಕೇಳುತ್ತದೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಗ್ಯಾಲರಿಯಿಂದ ಕಾಣದ್ದು ಅಲ್ಲಿ ಕಾಣುತ್ತದೆ. ಸೀನಿಯರ್ ಆಟಕ್ಕೆ ಮೊದಲ ಸಲ ಬಂದ ಹುಡುಗ ಚೆಂಡನ್ನೇ ನೋಡುತ್ತಿರುತ್ತಾನೆ. ಪಾಸ್ ತನ್ನ ಕಡೆ ಬರುತ್ತಿರುವಾಗ ಹೆಗಲ ಮೇಲಿಂದ ಒಂದು ಸಲ ಹಿಂದೆ ತಿರುಗಿ ನೋಡುವುದಿಲ್ಲ. ಚೆಂಡು ಕಾಲಿಗೆ ತಾಕುವುದಕ್ಕೂ ಬ್ಯಾಕ್ ಬಂದು ಬೆನ್ನಿಗೆ ಗುದ್ದುವುದಕ್ಕೂ ಸರಿಹೋಗುತ್ತದೆ. ಯಾರಾದರೂ ಸೀನಿಯರ್ 'ಮ್ಯಾನ್ ಆನ್' (ಹಿಂದೆ ಆಳು ಬಂದ) ಅಂತ ಕೂಗಿದರೆ ಬಚಾವ್. ಎಷ್ಟೋ ಸಲ ಕೂಗುವುದಿಲ್ಲ. ಜೂನಿಯರ್ ಆಟದಲ್ಲಿ ಇವನಿಗೆ ತಿರುಗಲು ಸಮಯ ಇತ್ತು. ಇಲ್ಲಿ ಆ ಅರ್ಧ ಸೆಕೆಂಡ್ ಇಲ್ಲ. ಕಾಲಿನಲ್ಲಿ ಕಲೆ ಇಲ್ಲ ಅಂತಲ್ಲ, ಆ ಅರ್ಧ ಸೆಕೆಂಡಿನ ಲೆಕ್ಕ ಇನ್ನೂ ಸಿಕ್ಕಿಲ್ಲ ಅಷ್ಟೇ.

ಒಂದು ಎ ಡಿವಿಷನ್ ಪಂದ್ಯ ಚೆನ್ನಾಗಿ ನೆನಪಿದೆ. ಎಡ ವಿಂಗಿನಲ್ಲಿ ಒಬ್ಬ ತೆಳ್ಳಗಿನ ಹುಡುಗ, ಸಾಲದ ಬೂಟು ಇರಬೇಕು, ಎರಡು ಸಲ ಕಳಚಿಕೊಂಡಿತು. ಮೊದಲ ಅರ್ಧದಲ್ಲಿ ಸಿಕ್ಕ ಚೆಂಡನ್ನೆಲ್ಲ ಕಳೆದುಕೊಂಡ. ಗ್ಯಾಲರಿಯಿಂದ 'ಅವನನ್ನ ತೆಗೀರಿ ಸಾರ್' ಅಂತ ಶುರುವಾಯಿತು. ಬ್ರೇಕ್ ಆದ ಮೇಲೆ ಅದೇ ಬ್ಯಾಕ್, ಅದೇ ಜಾಗ. ಈ ಸಲ ಚೆಂಡು ಬರುವ ಮೊದಲೇ ಹುಡುಗ ಕತ್ತು ತಿರುಗಿಸಿ ನೋಡಿದ. ಚೆಂಡನ್ನು ನಿಲ್ಲಿಸಲೇ ಇಲ್ಲ, ಮೊದಲ ಟಚ್‌ನಲ್ಲೇ ಗೆರೆ ಕಡೆ ತಳ್ಳಿಕೊಂಡು ಹೊರಟ. ಬ್ಯಾಕ್ ಗುದ್ದಿದ್ದು ಗಾಳಿಗೆ. ಅಲ್ಲಿಂದ ಕೊನೆಯವರೆಗೂ ಆ ಬ್ಯಾಕ್ ಎರಡು ಹೆಜ್ಜೆ ಹಿಂದೆ ನಿಂತೇ ಆಡಿದ. ಗ್ಯಾಲರಿಯಲ್ಲಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಯಾಕೆಂದರೆ ಹುಡುಗನ ಕ್ರಾಸ್‌ಗಳಿಗೆ ತಲೆ ಕೊಡುವವರೇ ಇರಲಿಲ್ಲ. ತಂಡ ಸೋತಿತು. ಸ್ಕೋರ್ ಶೀಟಿನಲ್ಲಿ ಅವನ ಹೆಸರಿನ ಮುಂದೆ ಒಂದು ಹಳದಿ ಕಾರ್ಡ್ ಬಿಟ್ಟರೆ ಏನೂ ಇಲ್ಲ. ಅವನು ಮುಂದೆ ದೊಡ್ಡ ಆಟಗಾರನಾದ ಅಂತ ಕಥೆ ಕಟ್ಟುವುದಿಲ್ಲ, ಆಗಲಿಲ್ಲ. ಆದರೆ ಒಂದೇ ಮಧ್ಯಾಹ್ನದಲ್ಲಿ ಒಬ್ಬ ಹುಡುಗ ಕಲಿತದ್ದನ್ನು ನಾನು ಕಣ್ಣಾರೆ ನೋಡಿದೆ. ಮರುದಿನ ಅದನ್ನು ಯಾರೂ ಎಲ್ಲೂ ಬರೆಯಲಿಲ್ಲ.

ಗೆರೆ ಪಕ್ಕ ನಿಂತವರಿಗೆ ಇನ್ನೊಂದು ಗೊತ್ತಾಗುತ್ತದೆ. ಹುಡುಗನಿಗೆ ಅವನ ತಂಡದವರೇ ಚೆಂಡು ಕೊಡುತ್ತಾರಾ ಇಲ್ಲವಾ ಅನ್ನುವುದು. ಹೊಸಬ ಖಾಲಿ ಜಾಗದಲ್ಲಿ ನಿಂತು ಕೈ ಎತ್ತಿರುತ್ತಾನೆ. ಮಿಡ್‌ಫೀಲ್ಡಿನ ಹಿರಿಯ ಅವನನ್ನು ನೋಡುತ್ತಾನೆ, ನೋಡಿಯೂ ಚೆಂಡನ್ನು ಬೇರೆ ಕಡೆಗೆ ತಿರುಗಿಸುತ್ತಾನೆ. ಎರಡು ಸಲ ಹೀಗಾದರೆ ಹುಡುಗ ಕೈ ಎತ್ತುವುದನ್ನೇ ಬಿಡುತ್ತಾನೆ. ಗ್ಯಾಲರಿಯಲ್ಲಿ ಕೂತವರು 'ಏನಪ್ಪಾ ಇವನು, ಆಟದಲ್ಲೇ ಇಲ್ಲ' ಅನ್ನುತ್ತಾರೆ. ನನ್ನನ್ನು ಕೇಳಿದರೆ ಹೊಸಬನನ್ನು ಅಳೆಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮೊದಲ ಪಂದ್ಯದಲ್ಲಿ ಹಿರಿಯರು ಅವನಿಗೆ ಎಷ್ಟು ಪಾಸ್ ಕೊಟ್ಟರು, ಹತ್ತನೇ ಪಂದ್ಯದಲ್ಲಿ ಎಷ್ಟು ಕೊಟ್ಟರು ನೋಡಿ. ದಿನಾ ಟ್ರೈನಿಂಗ್‌ನಲ್ಲಿ ಅವನ ಜತೆ ಆಡುವವರು ಅವರು. ಅವರ ಕಾಲು ಹೇಳುವ ತೀರ್ಪು ನಮ್ಮ ನಿಮ್ಮ ತೀರ್ಪಿಗಿಂತ ಗಟ್ಟಿ.

ಈಗ ನಿಮಿಷದ ವಿಷಯಕ್ಕೆ ಬರುತ್ತೇನೆ. ಒಬ್ಬ ಹುಡುಗ 12 ಪಂದ್ಯಗಳಲ್ಲಿ ಸಬ್ (ಬದಲಿ ಆಟಗಾರ) ಆಗಿ ಬಂದ, ಒಂದೊಂದರಲ್ಲೂ 20 ನಿಮಿಷ ಆಡಿದ ಅಂದುಕೊಳ್ಳಿ. ಪತ್ರಿಕೆಯಲ್ಲಿ, ಆ್ಯಪ್‌ನಲ್ಲಿ, ಎಲ್ಲ ಕಡೆ ಬರುವುದು '12 ಪಂದ್ಯ, 0 ಗೋಲು'. ಓದಿದವನಿಗೆ ಇವನು ಕೆಲಸಕ್ಕೆ ಬಾರದವನು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ, ಆಡಿದ್ದು 240 ನಿಮಿಷ. ಮೂರು ಪೂರ್ತಿ ಪಂದ್ಯವೂ ಆಗುವುದಿಲ್ಲ. ಸಬ್‌ಗಳ ಸಂಖ್ಯೆ ಮೂರರಿಂದ ಐದಕ್ಕೆ ಏರಿದ ಮೇಲೆ ಹೀಗೆ ಚೂರುಪಾರು ಆಡುವ ಹುಡುಗರು ಇನ್ನೂ ಜಾಸ್ತಿ ಆಗಿದ್ದಾರೆ. ಅವಕಾಶ ಸಿಕ್ಕಿತು ಅನ್ನುವುದು ನಿಜ. ಆದರೆ ಪಂದ್ಯಗಳ ಲೆಕ್ಕ ಉಬ್ಬಿದಷ್ಟು ಆಟ ಉಬ್ಬಿಲ್ಲ.

ಮತ್ತೆ, ಆ 20 ನಿಮಿಷ ಯಾವ ಕೆಲಸಕ್ಕೆ ಕಳಿಸಿದರು ಅನ್ನುವುದೂ ಇದೆ. ತಂಡ ಒಂದು ಗೋಲು ಮುಂದಿದ್ದಾಗ 75ನೇ ನಿಮಿಷಕ್ಕೆ ವಿಂಗರ್‌ನನ್ನು ಇಳಿಸಿದರೆ ಅವನ ಕೆಲಸ ಗೋಲು ಹೊಡೆಯುವುದಲ್ಲ. ಎದುರಾಳಿ ಬ್ಯಾಕ್ ಮೇಲಕ್ಕೆ ಬರದ ಹಾಗೆ ತಡೆಯಬೇಕು. ಚೆಂಡು ಸಿಕ್ಕರೆ ಕಾರ್ನರ್ ಬಾವುಟದ ಹತ್ತಿರ ಒಯ್ದು ಬೆನ್ನು ಕೊಟ್ಟು ನಿಂತು ಟೈಮ್ ಕಳೆಯಬೇಕು. ಅದನ್ನು ಚೆನ್ನಾಗಿ ಮಾಡಿದ ಹುಡುಗನಿಗೆ ಕೋಚ್ ಬೆನ್ನು ತಟ್ಟುತ್ತಾನೆ, ಗ್ಯಾಲರಿ 'ಒಂದು ಶಾಟ್ ಕೂಡ ಹೊಡೀಲಿಲ್ಲ' ಅನ್ನುತ್ತದೆ.

2024–25ರ ಬೆಂಗಳೂರು ತಂಡವನ್ನೇ ನೋಡಿ. ಮುಂದೆ ಯಾರಿದ್ದರು? ಎಡ್ಗರ್ ಮೆಂಡೆಜ್, ಪೆರೇರಾ ಡಿಯಾಜ್, ರಯಾನ್ ವಿಲಿಯಮ್ಸ್, ಇವರ ಜತೆ ಸುನಿಲ್ ಚೆಟ್ರಿ. ಚೆಟ್ರಿಗೆ 40 ವರ್ಷ, ಆದರೂ ಆ ಸೀಸನ್‌ನಲ್ಲಿ 14 ಗೋಲು. ಭಾರತೀಯರಲ್ಲಿ ಎಲ್ಲರಿಗಿಂತ ಜಾಸ್ತಿ. ಐಎಸ್‌ಎಲ್‌ನಲ್ಲಿ ಒಂದು ತಂಡ ಒಂದೇ ಸಲಕ್ಕೆ ನಾಲ್ವರು ವಿದೇಶಿಯರನ್ನು ಆಡಿಸಬಹುದು. ಹೆಚ್ಚಿನ ಕ್ಲಬ್‌ಗಳು ಆ ಜಾಗವನ್ನು ಮುಂಚೂಣಿಗೇ ಬಳಸುತ್ತವೆ. ಗೋಲು ಹೊಡೆಯುವವನು ಹೊರಗಿನಿಂದ, ಗೋಲು ತಡೆಯುವವನು ಇಲ್ಲಿಯವನು. ಕೋಚ್ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಪಾಯಿಂಟ್ ಬೇಕು. ಆ ವರ್ಷ ತಂಡ ಫೈನಲ್‌ವರೆಗೂ ಹೋಯಿತು, ಕೋಲ್ಕತ್ತದಲ್ಲಿ ಮೋಹನ್ ಬಾಗಾನ್‌ಗೆ ಎಕ್ಸ್‌ಟ್ರಾ ಟೈಮ್‌ನಲ್ಲಿ 1–2ರಿಂದ ಸೋತಿತು. ಅಂಥ ತಂಡದಲ್ಲಿ 19ರ ಹುಡುಗ ವಾರ ವಾರ ಹೆಡ್‌ಲೈನ್ ಆಗಬೇಕು ಅಂದರೆ ಹೇಗೆ?

ವಿನೀತ್‌ಗಿಂತ ಸ್ವಲ್ಪ ಮುಂಚೆ ಇದೇ ಕ್ಲಬ್ಬಿನಲ್ಲಿ ಶಿವಶಕ್ತಿ ನಾರಾಯಣನ್ ಬಂದಿದ್ದ. ತಮಿಳುನಾಡಿನ ಹುಡುಗ. ಅವನ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ನಾವು ಎಲ್ಲಿ ಎಡವುತ್ತೇವೆ ಅನ್ನುವುದು ಅಲ್ಲಿ ಸರಿಯಾಗಿ ಕಾಣುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಡುರಾಂಡ್ ಕಪ್ ಫೈನಲ್, ಎದುರಿಗೆ ಮುಂಬೈ ಸಿಟಿ. ಶುರುವಿನಲ್ಲೇ ಗೋಲು ಹೊಡೆದವನು ಇವನು. ನಾವು 2–1ರಿಂದ ಗೆದ್ದೆವು. ಅದೇ ಸೀಸನ್‌ನ ಐಎಸ್‌ಎಲ್‌ನಲ್ಲಿ ಉದಯೋನ್ಮುಖ ಆಟಗಾರ ಪ್ರಶಸ್ತಿಯೂ ಇವನಿಗೇ. ಇವನು ಮತ್ತು ರಾಯ್ ಕೃಷ್ಣ ಮುಂದೆ ಆಡುತ್ತಿದ್ದರೆ ಚೆಟ್ರಿಯಂಥ ಚೆಟ್ರಿ ಬೆಂಚಿನಲ್ಲಿ ಕೂರುತ್ತಿದ್ದರು. ಗೋವಾದಲ್ಲಿ ನಡೆದ ಆ ಐಎಸ್‌ಎಲ್ ಫೈನಲ್‌ನಲ್ಲಿ ಪಂದ್ಯ ಶುರುವಾಗುತ್ತಿದ್ದ ಹಾಗೇ ಗಾಯ ಮಾಡಿಕೊಂಡು ಹೊರಗೆ ಬಂದ. ಮುಂದಿನ ಸೀಸನ್‌ನಲ್ಲಿ ಗೋಲು ಕಮ್ಮಿಯಾಯಿತು. ತಕ್ಷಣ ತೀರ್ಪು ಬಂತು: ಒಂದು ಸೀಸನ್‌ನ ಆಟಗಾರ.

ಆ ಮುಂದಿನ ಸೀಸನ್‌ನಲ್ಲಿ ಏನೇನಾಯಿತು? ರಾಯ್ ಕೃಷ್ಣ ಒಡಿಶಾಗೆ ಹೋದರು. ಡಿಫೆಂಡರ್‌ಗಳನ್ನು ತನ್ನ ಕಡೆ ಎಳೆದುಕೊಂಡು ಹುಡುಗನಿಗೆ ಜಾಗ ಬಿಡಿಸಿಕೊಡುತ್ತಿದ್ದವರು ಅವರು. ಸೀಸನ್ ನಡುವೆಯೇ ಕೋಚ್ ಸೈಮನ್ ಗ್ರೇಸನ್ ಅವರನ್ನು ತೆಗೆದು ಜೆರಾರ್ಡ್ ಸರಗೋಸಾ ಅವರನ್ನು ತಂದರು. ತಂಡ 12ರಲ್ಲಿ 10ನೇ ಸ್ಥಾನಕ್ಕೆ ಇಳಿಯಿತು. ಇಡೀ ತಂಡವೇ ಮುಗ್ಗರಿಸಿದ ವರ್ಷದಲ್ಲಿ ಇನ್ನೂ ಹೊಸಬನಾದ ಸ್ಟ್ರೈಕರ್ ಒಬ್ಬನೇ ಗೋಲು ಸುರಿಸಬೇಕಿತ್ತು ಅನ್ನುವುದು ಯಾವ ನ್ಯಾಯ? ಇಷ್ಟೂ ವಿಷಯ ನಿಮ್ಮ ಪತ್ರಿಕೆಯಲ್ಲೇ ಬಂದಿರುತ್ತದೆ, ಬೇರೆ ಬೇರೆ ದಿನ, ಬೇರೆ ಬೇರೆ ಮೂಲೆಯಲ್ಲಿ. ಹುಡುಗನ ಹೆಸರಿನ ಜತೆ ಅದನ್ನು ಯಾರೂ ಜೋಡಿಸುವುದಿಲ್ಲ, ಅಷ್ಟೇ. ಬೆಳೆಯುವ ಸಿರಿ ಮೊಳಕೆಯಲ್ಲೇ ಗೊತ್ತಾಗುತ್ತದೆ ಅಂತ ಗಾದೆ ಹೇಳಿ ಮುಗಿಸುತ್ತೇವೆ. ಮೊಳಕೆಗೆ ಆ ವರ್ಷ ನೀರು ಎಷ್ಟು ಸಿಕ್ಕಿತ್ತು ಅಂತ ಕೇಳುವುದಿಲ್ಲ.

ಕ್ರಿಕೆಟ್‌ನವರ ಕಣ್ಣಲ್ಲಿ ಫುಟ್‌ಬಾಲ್ ನೋಡುವುದರಿಂದಲೂ ಈ ತೊಂದರೆ ಅಂತ ನನಗೆ ಅನುಮಾನ. ಕ್ರಿಕೆಟ್‌ನಲ್ಲಿ ಪ್ರತಿಯೊಬ್ಬನ ಲೆಕ್ಕ ಅವನವನದೇ. ನಮ್ಮ ಭದ್ರಾವತಿಯ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದರು. ಆಸ್ಟ್ರೇಲಿಯಾ ಎದುರು ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಎರಡನೇ ಇನಿಂಗ್ಸ್‌ನಲ್ಲಿ 137. ಆ ಆಟದಲ್ಲಿ ಎರಡನೇ ಇನಿಂಗ್ಸ್ ಅಂತ ಒಂದು ಇದೆ. ಅದೇ ಪಂದ್ಯದಲ್ಲಿ, ಅದೇ ಬೌಲರ್‌ಗಳ ಎದುರು ತಪ್ಪು ತಿದ್ದಿಕೊಳ್ಳಬಹುದು. 80ನೇ ನಿಮಿಷಕ್ಕೆ ಇಳಿದ ವಿಂಗರ್‌ಗೆ ಆ ಸೌಲಭ್ಯ ಇಲ್ಲ. ಸಿಕ್ಕ ಒಂದು ಚೆಂಡು ಕಾಲಿನ ಕೆಳಗೆ ಜಾರಿತು ಅಂದರೆ ಮುಂದಿನ ಚೆಂಡು ಯಾವ ತಿಂಗಳೋ.

ಮೊದಲ ಪಂದ್ಯದ ತೀರ್ಪು ಎಷ್ಟು ಹಗುರ ಅನ್ನುವುದಕ್ಕೆ ನಮ್ಮ ದೇಶದ ಫುಟ್‌ಬಾಲ್ ಚರಿತ್ರೆಯ ಮೊದಲ ಪುಟವೇ ಸಾಕ್ಷಿ. ಸ್ವತಂತ್ರ ಭಾರತ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಆಡಿತು. 1–2ರಿಂದ ಸೋತೆವು. ನಮ್ಮ ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಈ ಊರಿನಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು ಅನ್ನುವುದು ಬೇರೆ ಮಾತು, ಅದಕ್ಕೆ ಇನ್ನೊಂದು ಪತ್ರ ಬರೆಯಬೇಕು. ಆ ಪಂದ್ಯದಲ್ಲಿ ನಮಗೆ ಎರಡು ಪೆನಾಲ್ಟಿ ಸಿಕ್ಕಿದ್ದವು, ಎರಡೂ ಹೋದವು. ಒಂದನ್ನು ಕಳೆದವರು ಶೈಲೇನ್ ಮನ್ನಾ. ದೇಶದ ಮೊದಲ ಪಂದ್ಯದಲ್ಲೇ ಪೆನಾಲ್ಟಿ ಹಾಳು ಮಾಡಿದ ಹುಡುಗ ಅಂತ ಇವತ್ತಿನ ಫೋನುಗಳು ಆಗ ಇದ್ದಿದ್ದರೆ ಅವರ ಗತಿ ಏನಾಗುತ್ತಿತ್ತೋ. 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಇರಾನನ್ನು ಸೋಲಿಸಿ ಚಿನ್ನ ಗೆದ್ದ ತಂಡದ ನಾಯಕ ಅದೇ ಮನ್ನಾ.

ಉಲ್ಟಾ ಉದಾಹರಣೆಯೂ ಇದೆ. 2009ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಫೆಡೆರಿಕೊ ಮಕೆಡಾ ಅನ್ನುವ 17 ವರ್ಷದ ಇಟಲಿ ಹುಡುಗ ಸಬ್ ಆಗಿ ಇಳಿದ. ಆಸ್ಟನ್ ವಿಲ್ಲಾ ಎದುರು ಇಂಜುರಿ ಟೈಮ್‌ನಲ್ಲಿ ಗೋಲು ಹೊಡೆದು 3–2 ಮಾಡಿದ. ನಮ್ಮ ಬೀದಿಯ ಹುಡುಗರೆಲ್ಲ ಅವತ್ತು ರಾತ್ರಿ ಟೀವಿ ಮುಂದೆ ಕುಣಿದಿದ್ದರು. ಆಮೇಲೆ ಅವನು ಕ್ಲಬ್‌ನಿಂದ ಕ್ಲಬ್‌ಗೆ ಸಾಲದ ಮೇಲೆ ಸುತ್ತಿ, ಕೊನೆಗೆ ಗ್ರೀಸ್‌ನ ಪನಾಥಿನೈಕೋಸ್‌ನಲ್ಲಿ ನೆಲೆ ಕಂಡ. ಕೆಟ್ಟ ಬದುಕೇನಲ್ಲ. ಆದರೆ ಆ ಒಂದು ರಾತ್ರಿಯ ಅಳತೆಯಲ್ಲಿ ನೋಡುವವರಿಗೆ ಅವನು ಜೀವನಪೂರ್ತಿ ಫೇಲ್.

ಚೆಟ್ರಿ ವಿಷಯವನ್ನೂ ಮರೆಯುತ್ತೇವೆ. 2002ರಲ್ಲಿ ಮೋಹನ್ ಬಾಗಾನ್‌ಗೆ ಸೇರಿದಾಗ 17 ದಾಟಿ 18ರ ಅಂಚಿನಲ್ಲಿದ್ದ ಹುಡುಗ. ಅಲ್ಲಿ ಕಳೆದ ಮೂರು ಸೀಸನ್ ಸೇರಿಸಿದರೂ ರಾಷ್ಟ್ರೀಯ ಲೀಗ್‌ನಲ್ಲಿ ಗೋಲು ಎರಡಂಕಿ ಮುಟ್ಟಲಿಲ್ಲ. 2005ರಲ್ಲಿ ಪಂಜಾಬಿನ ಜೆಸಿಟಿ ಕ್ಲಬ್ಬಿಗೆ ಹೋದ ಮೇಲೆ ಆಟ ಬಿಚ್ಚಿಕೊಂಡಿತು. ಅದೇ ವರ್ಷ ಕ್ವೆಟ್ಟಾದಲ್ಲಿ ಪಾಕಿಸ್ತಾನದ ಎದುರು ದೇಶಕ್ಕಾಗಿ ಮೊದಲ ಪಂದ್ಯ, ಮೊದಲ ಗೋಲು. ಬಾಗಾನ್‌ನ ಮೂರು ವರ್ಷಕ್ಕೇ ಕಡತ ಮುಚ್ಚಿದ್ದರೆ ಕಂಠೀರವದಲ್ಲಿ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನಲ್ಲಿ ಇವತ್ತು ಯಾರ ಹೆಸರು ಕೂಗುತ್ತಿದ್ದರು?

ಇದೆಲ್ಲ ಓದಿ, ಹುಡುಗರಿಗೆ ಏನೂ ಅನ್ನಬಾರದು ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅನ್ನಬೇಕು. ಸಂಬಳ ತೆಗೆದುಕೊಂಡು ಆಡುವವನು ಅವನು, ಶಾಲೆಯ ಮಗುವಲ್ಲ. ಆದರೆ ಯಾವುದಕ್ಕೆ ಅನ್ನಬೇಕೋ ಅದಕ್ಕೆ ಅನ್ನಿ. ಚೆಂಡು ಕಳೆದುಕೊಂಡದ್ದಕ್ಕಲ್ಲ, ಕಳೆದುಕೊಂಡ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತದ್ದಕ್ಕೆ. ಶಾಟ್ ಮೇಲೆ ಹೋಯಿತು ಅಂತಲ್ಲ, ಎದುರಾಳಿ ಬ್ಯಾಕ್ ಅವನನ್ನು ದಾಟಿ ಮುಂದಕ್ಕೆ ಓಡಿದಾಗ ಹಿಂದೆ ಓಡದೆ ರೆಫರಿ ಕಡೆ ಕೈ ಬೀಸಿದ್ದಕ್ಕೆ. ಗಾಯ, ಫಾರ್ಮು, ಅದೃಷ್ಟ ಯಾವುದೂ ಹುಡುಗನ ಕೈಯಲ್ಲಿಲ್ಲ. ಓಡುವುದು ಅವನ ಕೈಯಲ್ಲೇ ಇದೆ. ಆ ವಿಷಯದಲ್ಲಿ ವಯಸ್ಸು ಚಿಕ್ಕದು ಅಂತ ಒಂದು ಪೈಸೆ ರಿಯಾಯಿತಿ ಬೇಡ. ಗೆರೆ ಪಕ್ಕ ನಿಂತಾಗ ನನಗೆ ಸಿಟ್ಟು ಬರುತ್ತಿದ್ದದ್ದು ಅಂಥ ಸೋಮಾರಿಗಳನ್ನು ಕಂಡಾಗ ಮಾತ್ರ. ಎಷ್ಟೋ ಸಲ ಅವರೇ ಗ್ಯಾಲರಿಯ ಮುದ್ದಿನವರು, ಯಾಕೆಂದರೆ ಚೆಂಡಿನ ಮೇಲೆ ಕಾಲಾಡಿಸುವ ಸ್ಟೆಪ್‌ಓವರ್ ಚೆನ್ನಾಗಿ ಹಾಕುತ್ತಿದ್ದರು.

ಇನ್ನೊಂದು ವಿಷಯ ಇದೆ, ಅದು ಹುಡುಗರಿಗೂ ನಮಗೂ ಸಂಬಂಧವಿಲ್ಲದ ಕಡೆಯಿಂದ ಬಂದದ್ದು. 2024–25ರಲ್ಲಿ ಐಎಸ್‌ಎಲ್‌ನಲ್ಲಿ 13 ತಂಡ, ಒಂದೊಂದಕ್ಕೆ 24 ಲೀಗ್ ಪಂದ್ಯ. ಇಂಗ್ಲೆಂಡಿನಲ್ಲಿ 38. ಮೊದಲೇ ನಮ್ಮ ಹುಡುಗರಿಗೆ ಆಟ ಕಮ್ಮಿ. ಅದರ ಮೇಲೆ 2025ರ ಜುಲೈನಲ್ಲಿ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುವವರ ನಡುವಿನ ಒಪ್ಪಂದದ ಜಗಳದಲ್ಲಿ ಮುಂದಿನ ಸೀಸನ್ನನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಸೆಪ್ಟೆಂಬರ್‌ನಲ್ಲಿ ಶುರುವಾಗಬೇಕಾದ ಲೀಗ್‌ಗೆ ತಿಂಗಳುಗಟ್ಟಲೆ ದಿನಾಂಕವೇ ಇರಲಿಲ್ಲ. 33 ವರ್ಷದ ಆಟಗಾರನಿಗೆ ಅದು ವಿಶ್ರಾಂತಿ ಆಗಬಹುದು. ಮೊದಲ ಸೀಸನ್ ಮುಗಿಸಿ ಎರಡನೆಯದಕ್ಕೆ ಕಾಯುತ್ತಿದ್ದ 20ರ ಹುಡುಗನಿಗೆ ಅದು ಕಲಿಯುವ ವಯಸ್ಸಿನಿಂದಲೇ ಕತ್ತರಿಸಿದ ತುಂಡು. ಮತ್ತೆ ಆಟ ಶುರುವಾದ ಕೂಡಲೇ 'ಮೊದಲಿನ ಹಾಗೆ ಇಲ್ಲ' ಅಂತ ಬರೆಯುವವರು ಈ ಖಾಲಿ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರಾ?

ಸಂಪಾದಕರೇ, ನಾನು ಕೇಳುವುದು ದೊಡ್ಡದೇನಲ್ಲ. ಪಂದ್ಯದ ವರದಿಯ ಕೆಳಗೆ ಒಂದು ಸಾಲು ಕೊಡಿ. 22 ವರ್ಷದೊಳಗಿನ ಯಾವ ಹುಡುಗ ಆಡಿದ, ಎಷ್ಟನೇ ನಿಮಿಷಕ್ಕೆ ಬಂದ, ಯಾರ ಬದಲಿಗೆ ಬಂದ, ಆಗ ಸ್ಕೋರು ಎಷ್ಟಿತ್ತು. ಅಷ್ಟೇ. ಸೀಸನ್ ಮುಗಿದ ಮೇಲೆ ಪಂದ್ಯ ಮತ್ತು ಗೋಲಿನ ಪಕ್ಕ ಒಟ್ಟು ನಿಮಿಷವನ್ನೂ ಹಾಕಿ. ಉಳಿದದ್ದನ್ನು ಓದುಗರೇ ಕೂಡಿ ಕಳೆದು ನೋಡುತ್ತಾರೆ. ಆಗಾಗ ನಿಮ್ಮ ವರದಿಗಾರರನ್ನು ಅಶೋಕನಗರದಲ್ಲಿ ನಡೆಯುವ ಬೆಂಗಳೂರು ಲೀಗ್‌ನ ಸೂಪರ್ ಡಿವಿಷನ್ ಪಂದ್ಯಕ್ಕೂ ಕಳಿಸಿಕೊಡಿ. ಪ್ರೆಸ್ ಬಾಕ್ಸ್ ಬೇಡ, ಗೆರೆ ಹತ್ತಿರದ ಸಾಲಿನಲ್ಲಿ ಕೂರಲಿ, ಜಾಗ ಬೇಕಾದಷ್ಟಿದೆ. ಪುಟದಲ್ಲಿ ಜಾಗ ಇಲ್ಲ ಅಂತ ಹೇಳಬೇಡಿ. ಸೋಮವಾರ ಬರುವ ಪ್ರೀಮಿಯರ್ ಲೀಗ್ ಫೋಟೊ ಒಂದು ಇಂಚು ಚಿಕ್ಕದಾದರೆ ಸಾಕು.

ಇತಿ,
ಒಬ್ಬ ಹಳೆಯ ಲೈನ್ಸ್‌ಮನ್
ಹಲಸೂರು, ಬೆಂಗಳೂರು